ಹೀಟ್ ಪಂಪನ್ನು ಹಂಡೆಯಂತೆ ನಡೆಸಿ

ಮಲೆನಾಡಿನ ಬಚ್ಚಲಲ್ಲಿ ತಾಮ್ರದ ಹಂಡೆಯ ಕೆಳಗೆ ಅಡಿಕೆ ಸಿಪ್ಪೆಯೋ ತೆಂಗಿನ ಸೋಗೆಯೋ ನಿಧಾನಕ್ಕೆ ಉರಿಯುತ್ತಿರುತ್ತದೆ. ಸ್ನಾನಕ್ಕೆ ಹೋಗುವ ಹತ್ತು ನಿಮಿಷ ಮುಂಚೆ ಅಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಒಮ್ಮೆ ಹಂಡೆ ಕಾದರೆ ಮನೆಮಂದಿಯೆಲ್ಲ ಅದರಲ್ಲೇ ಮೀಯುತ್ತಾರೆ. ಪೇಟೆಯ ಮನೆಗಳಲ್ಲಿ ಗೀಸರ್ ಬಂದು ಈ ರೂಢಿಯನ್ನು ತಪ್ಪಿಸಿತು. ಸ್ವಿಚ್ ಹಾಕು, ಸ್ವಲ್ಪ ಹೊತ್ತು ಕಾಯು, ಸ್ನಾನ ಮುಗಿಸು, ಸ್ವಿಚ್ ಆರಿಸು. ಗಾಳಿಯ ಬಿಸಿಯನ್ನು ಎತ್ತಿ ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿ ನಿರಾಶರಾಗುವವರಲ್ಲಿ ಹೆಚ್ಚಿನವರು ಅದನ್ನೂ ಹೀಗೇ ನಡೆಸಲು ಹೋದವರು. ಈ ಯಂತ್ರದ ಸ್ವಭಾವ ಹಂಡೆಯದು. ನಿಧಾನಕ್ಕೆ ಕಾಯುತ್ತದೆ, ಒಟ್ಟಿಗೆ ಕಾಯುತ್ತದೆ, ಕುದಿಸಲು ಹೋದರೆ ಮುನಿಯುತ್ತದೆ. ಯಾಕೆ ಹೀಗೆ ಎಂದು ತಿಳಿದರೆ ಎಷ್ಟು ಲೀಟರಿನದು ಕೊಳ್ಳಬೇಕು, ಎಲ್ಲಿಡಬೇಕು, ಎಷ್ಟು ಡಿಗ್ರಿಗೆ ಇಡಬೇಕು ಎಂಬುದೆಲ್ಲ ತಾನಾಗಿ ಬಗೆಹರಿಯುತ್ತದೆ.

ಓಡುತ್ತಿರುವ ಫ್ರಿಜ್ಜಿನ ಹಿಂಬದಿಯನ್ನೋ ಪಕ್ಕವನ್ನೋ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ತರಕಾರಿ, ಹಾಲಿನ ಬಿಸಿಯನ್ನು ಎತ್ತಿ ಹೊರಗೆ ಹಾಕಿದ್ದರ ಗುರುತು ಅದು. ಹೀಟ್ ಪಂಪೂ ಇದೇ ಯಂತ್ರ. ತರಕಾರಿ ಪೆಟ್ಟಿಗೆಯ ಜಾಗದಲ್ಲಿ ಹೊರಗಿನ ಗಾಳಿ, ಹಿಂಬದಿಯ ಜಾಗದಲ್ಲಿ ನೀರಿನ ಟ್ಯಾಂಕು, ಅಷ್ಟೇ ವ್ಯತ್ಯಾಸ. ತಣ್ಣಗಿನ ಗಾಳಿಯಿಂದ ಬಿಸಿ ಹೇಗೆ ಬರುತ್ತದೆ ಎಂಬ ಅನುಮಾನ ಸಹಜ. ಕೊಳವೆಯೊಳಗೆ ಓಡುವ ದ್ರವಕ್ಕೆ ರೆಫ್ರಿಜರೆಂಟ್ ಎನ್ನುತ್ತಾರೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬರೀ 'ಗ್ಯಾಸ್'. ಬಹಳ ಯಂತ್ರಗಳಲ್ಲಿ ಬಳಸುವ ಆರ್ 134ಎ ಎಂಬ ಗ್ಯಾಸು ನಾಲ್ಕು ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನಾಲ್ಕು ಪಟ್ಟು) ಒತ್ತಡದಲ್ಲಿ ಸುಮಾರು 10 ಡಿಗ್ರಿಗೇ ಕುದಿಯುತ್ತದೆ. ಅದರ ಪಾಲಿಗೆ 22 ಡಿಗ್ರಿಯ ಬೆಂಗಳೂರಿನ ಗಾಳಿಯೇ ಒಲೆ. ಫ್ಯಾನ್ ಆ ಗಾಳಿಯನ್ನು ಊದುತ್ತದೆ, ಗ್ಯಾಸು ಬಿಸಿ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಸುಮಾರು 17 ಬಾರ್ ಒತ್ತಡಕ್ಕೆ ಹಿಂಡುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ ಆವಿ ಕಾಯುತ್ತದೆ. ಆ ಒತ್ತಡದಲ್ಲಿ ಅದು 60 ಡಿಗ್ರಿಯ ಹತ್ತಿರ ಮತ್ತೆ ದ್ರವವಾಗುತ್ತದೆ, ಆಗುವಾಗ ಹೀರಿದ ಬಿಸಿಯನ್ನೆಲ್ಲ ಟ್ಯಾಂಕಿನ ನೀರಿಗೆ ಬಿಟ್ಟುಕೊಡುತ್ತದೆ. ಕೊನೆಯಲ್ಲೊಂದು ಸಣ್ಣ ವಾಲ್ವು ಒತ್ತಡ ಇಳಿಸುತ್ತದೆ, ಸುತ್ತು ಮೊದಲಿಂದ ಶುರುವಾಗುತ್ತದೆ.

ವಿದ್ಯುತ್ತಿನ ಕೆಲಸ ಇಲ್ಲಿ ಬಿಸಿ ಹುಟ್ಟಿಸುವುದಲ್ಲ, ಎತ್ತುವುದು. ಬಾವಿಯಿಂದ ನೀರು ಸೇದಿದ ಹಾಗೆ. ನೀರು ಮೇಲೇ ಇದ್ದರೆ ಕೊಡ ಸಲೀಸಾಗಿ ಬರುತ್ತದೆ, ಆಳಕ್ಕೆ ಹೋದಷ್ಟೂ ಅದೇ ಕೊಡಕ್ಕೆ ತೋಳು ಹೆಚ್ಚು ನೋಯುತ್ತದೆ. ಗಾಳಿಯ ಉಷ್ಣತೆಗೂ ನೀರಿಗೆ ಬೇಕಾದ ಉಷ್ಣತೆಗೂ ನಡುವಿನ ಅಂತರವೇ ಬಾವಿಯ ಆಳ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಬಿಸಿ ಸಿಕ್ಕಿತು ಎಂಬ ಲೆಕ್ಕಕ್ಕೆ ಸಿಒಪಿ ಎಂದು ಹೆಸರು. ನಮ್ಮ ಹವೆಯಲ್ಲಿ ನೀರನ್ನು 50 ಡಿಗ್ರಿಗೆ ಕಾಯಿಸಿದರೆ ಒಳ್ಳೆಯ ಯಂತ್ರ ಮೂರೂವರೆಯಿಂದ ನಾಲ್ಕು ಕೊಡುತ್ತದೆ. ಅದೇ ಯಂತ್ರವನ್ನು 60ಕ್ಕೆ ಇಟ್ಟರೆ ಮೂರರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಜಾಹೀರಾತಿನ ಸಿಒಪಿ ನೋಡಿ ಮರುಳಾಗಬೇಡಿ. ಆ ಅಂಕಿ ಎಷ್ಟು ಡಿಗ್ರಿ ಗಾಳಿಗೆ, ಎಷ್ಟು ಡಿಗ್ರಿ ನೀರಿಗೆ ಎಂದು ಕೇಳಿ. ಉತ್ತರ ಕೊಡದವರ ಅಂಕಿಗೆ ಬೆಲೆಯಿಲ್ಲ.

ನಿಮ್ಮ ಮನೆಗೆ ಬೇಕೇ?

ಲೆಕ್ಕ ಹಾಕಿಯೇ ನೋಡಬೇಕು. ಟ್ಯಾಂಕಿನ ತಣ್ಣೀರು 22 ಡಿಗ್ರಿ, ಕಾಯಿಸುವುದು 50ಕ್ಕೆ, ಮೈಗೆ ಹಿತವಾದದ್ದು 40. ಈ ಬೆರಕೆಯಲ್ಲಿ ನೂರು ಲೀಟರಿಗೆ 64 ಲೀಟರ್ ಬಿಸಿನೀರು ಸೇರುತ್ತದೆ. ನಿಮಿಷಕ್ಕೆ 8 ಲೀಟರ್ ಬೀಳುವ ಶವರಿನಡಿ 8 ನಿಮಿಷ ನಿಂತರೆ 64 ಲೀಟರ್ ನೀರು, ಅದರಲ್ಲಿ ಬಿಸಿಯದು 41. ನಾಲ್ವರಿಗೆ 164 ಲೀಟರ್, ಅಡುಗೆಮನೆಯ ಪಾತ್ರೆಗೆ 30 ಸೇರಿಸಿದರೆ ಹತ್ತಿರ ಹತ್ತಿರ 200. ಇಷ್ಟು ನೀರನ್ನು 28 ಡಿಗ್ರಿ ಏರಿಸಲು ಆರೂವರೆ ಯೂನಿಟ್ ಬಿಸಿ ಬೇಕು. ಗೀಸರಿನಲ್ಲಾದರೆ ತಿಂಗಳಿಗೆ 195 ಯೂನಿಟ್. ಹೀಟ್ ಪಂಪಿನಲ್ಲಿ, ಟ್ಯಾಂಕ್ ಸುಮ್ಮನೆ ನಿಂತಾಗ ಸೋರುವ ಬಿಸಿಯನ್ನೂ ಸೇರಿಸಿ, 65ರ ಸುತ್ತಮುತ್ತ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 780 ರೂಪಾಯಿ ಉಳಿತಾಯ. 200 ಲೀಟರಿನ ಯಂತ್ರಕ್ಕೆ ಜೋಡಣೆ ಸೇರಿ ಒಂದು ಲಕ್ಷ, ಅದರ ಬದಲು ಮೂರು ಗೀಸರಿಗೆ 30 ಸಾವಿರ ಎಂದಿಟ್ಟುಕೊಂಡರೆ ಹೆಚ್ಚುವರಿ ಹಣ ಏಳೂವರೆ ವರ್ಷಕ್ಕೆ ವಾಪಸಾಗುತ್ತದೆ.

ಇದೇ ಮನೆಯವರು ಬಕೆಟ್ ಸ್ನಾನದವರಾದರೆ ಕಥೆಯೇ ಬೇರೆ. ಒಬ್ಬೊಬ್ಬರಿಗೆ 20 ಲೀಟರಿನ ಒಂದೂವರೆ ಬಕೆಟ್ ಎಂದರೂ ನಾಲ್ವರಿಗೆ ಬೇಕಾದ ಬಿಸಿನೀರು 77 ಲೀಟರ್. ಗೀಸರಿನಲ್ಲಿ ತಿಂಗಳಿಗೆ 75 ಯೂನಿಟ್, ಹೀಟ್ ಪಂಪಿನಲ್ಲಿ 31. ಉಳಿಯುವುದು 260 ರೂಪಾಯಿ, ಹಾಕಿದ ಹಣ ತಿರುಗಿ ಬರಲು 20 ವರ್ಷವೂ ಸಾಲದು. ಅಂಥ ಮನೆಗೆ ಹೀಟ್ ಪಂಪ್ ಬೇಡ, ಮಾರುವವರು ಏನೇ ಹೇಳಲಿ. ಗೃಹಜ್ಯೋತಿಯಲ್ಲಿ ಬಿಲ್ಲು ಶೂನ್ಯ ಬರುವ ಮನೆಗೂ ಇದರಿಂದ ಹಣ ಉಳಿಯುವುದಿಲ್ಲ. ತಾರಸಿ ನಿಮ್ಮದೇ ಆಗಿದ್ದು ಅಕ್ಕಪಕ್ಕದ ಕಟ್ಟಡದ ನೆರಳು ಬೀಳದಿದ್ದರೆ ಮೊದಲ ಆಯ್ಕೆ ಈಗಲೂ ಸೋಲಾರ್ ವಾಟರ್ ಹೀಟರ್ರೇ. ಹೀಟ್ ಪಂಪಿನ ಜಾಗ ಬೇರೆ: ತಾರಸಿಯ ಹಕ್ಕಿಲ್ಲದ ಅಪಾರ್ಟ್‌ಮೆಂಟು, ನೆರಳಿನ ಮನೆ, ಮುಂಗಾರಿನಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಕೊಡಗು, ಮಲೆನಾಡು, ಶವರ್ ಬಿಡಲೊಲ್ಲದ ದೊಡ್ಡ ಸಂಸಾರ, ಹೋಂಸ್ಟೇ, ಹಾಸ್ಟೆಲು.

ಅಳತೆ ಆರಿಸುವಾಗ ಒಂದು ವಿಷಯ. ಬಿಸಿನೀರು ಮೇಲಿಂದ ಹೋದಂತೆ ಕೆಳಗಿಂದ ತಣ್ಣೀರು ನುಗ್ಗುತ್ತದೆ, ನಡುವೆ ಒಂದಿಷ್ಟು ಬೆರೆಯುತ್ತದೆ. 200 ಲೀಟರಿನ ಟ್ಯಾಂಕಿನಿಂದ ಒಂದೇ ಸಮ ಸಿಗುವ ಬಿಸಿನೀರು 160-165 ಲೀಟರ್ ಎಂದೇ ಲೆಕ್ಕ ಇಟ್ಟುಕೊಳ್ಳಿ. ನಿಮಿಷಕ್ಕೆ 15-20 ಲೀಟರ್ ಸುರಿಯುವ ದೊಡ್ಡ ರೇನ್ ಶವರ್ ಇದ್ದರೆ ಇಬ್ಬರ ಸ್ನಾನಕ್ಕೇ ಟ್ಯಾಂಕ್ ಖಾಲಿ. ಆಗ ಟ್ಯಾಂಕ್ ದೊಡ್ಡದು ಮಾಡುವುದಕ್ಕಿಂತ ಶವರ್ ಬದಲಿಸುವುದು ಜಾಣತನ.

ಎಲ್ಲಿಡಬೇಕು

ಈ ಯಂತ್ರ ಉಸಿರಾಡುತ್ತದೆ. ಒಳಗೆ ಎಳೆದುಕೊಂಡ ಗಾಳಿಯನ್ನು ಐದಾರು ಡಿಗ್ರಿ ತಣ್ಣಗೆ ಮಾಡಿ ಹೊರಗೆ ಬಿಡುತ್ತದೆ. ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿಟ್ಟರೆ ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆಯುತ್ತದೆ, ಬಾವಿಯ ಆಳ ತಾನೇ ಹೆಚ್ಚಿಸಿಕೊಳ್ಳುತ್ತದೆ. ತೆರೆದ ಯುಟಿಲಿಟಿ, ಬಾಲ್ಕನಿ, ತಾರಸಿಯ ಮೇಲೊಂದು ಸೂರಿನ ಕೆಳಗೆ ಒಳ್ಳೆಯ ಜಾಗ. ಆ ತಣ್ಣನೆ ಗಾಳಿಯನ್ನು ಡಕ್ಟ್ ಹಾಕಿ ಅಡುಗೆಮನೆಗೆ ತಿರುಗಿಸಿಕೊಳ್ಳುವುದೂ ಉಂಟು, ಬೇಸಿಗೆಯಲ್ಲಿ ಹಿತ. ಗಾಳಿ ತಣ್ಣಗಾದಾಗ ಅದರ ತೇವ ನೀರಾಗಿ ಇಳಿಯುತ್ತದೆ, ದಿನಕ್ಕೆ ಒಂದೆರಡು ಲೀಟರ್, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅದಕ್ಕೆ ಇಳಿಜಾರಿರುವ ಪೈಪು ಬೇಕು. ಯಂತ್ರದ ಬುಡ ಒದ್ದೆಯಾಯಿತೆಂದು 'ಟ್ಯಾಂಕ್ ತೂತು' ಎಂದು ದೂರುವುದಕ್ಕೆ ಮುನ್ನ ಈ ಪೈಪು ಕಟ್ಟಿದೆಯೇ ನೋಡಿ. ತೇವ ನೀರಾಗುವಾಗಲೂ ಬಿಸಿ ಬಿಡುಗಡೆಯಾಗುತ್ತದೆ. ಹಾಗಾಗಿ ಬಿಸಿಲೂ ತೇವವೂ ಇರುವ ಮಂಗಳೂರು, ಉಡುಪಿಯ ಹವೆ ಹೀಟ್ ಪಂಪಿಗೆ ಹೇಳಿ ಮಾಡಿಸಿದ್ದು. ಆದರೆ ಕಡಲ ಉಪ್ಪುಗಾಳಿ, ಗಾಳಿಯ ಬಿಸಿ ಹೀರುವ ಕಾಯಿಲಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ, ಅಲ್ಲಿ ಲೇಪನ ಇರುವ ಕಾಯಿಲ್ ಇದೆಯೇ ಎಂದು ಕೇಳಿ ತೆಗೆದುಕೊಳ್ಳಬೇಕು.

ನೀರು ತುಂಬಿದ 200 ಲೀಟರಿನ ಯಂತ್ರ ಮುನ್ನೂರು ಕಿಲೋದ ಹತ್ತಿರ ತೂಗುತ್ತದೆ, ಅಷ್ಟೂ ಭಾರ ಎರಡಡಿ ಅಗಲದ ಜಾಗದ ಮೇಲೆ. ತಾರಸಿಯಲ್ಲಾದರೆ ಬೀಮಿನ ಅಥವಾ ಗೋಡೆಯ ನೇರಕ್ಕೆ ಇಡಿಸಿ. ಸಾಗಿಸುವಾಗ ಮಲಗಿಸಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ. ನಿಲ್ಲಿಸಿ ಒಂದು ದಿನ ಬಿಟ್ಟು ಸ್ವಿಚ್ ಹಾಕಿ. ಸದ್ದು ದೊಡ್ಡ ಫ್ರಿಜ್ಜಿಗಿಂತ ಜೋರು, ಕೂಲರಿಗಿಂತ ಕಡಿಮೆ. ನೆರೆಯವರ ಮಲಗುವ ಕೋಣೆಯ ಗೋಡೆಗೆ ತಾಗಿಸಬೇಡಿ.

ಪ್ಲಂಬಿಂಗ್: ಹೆಚ್ಚಿನ ತಕರಾರು ಹುಟ್ಟುವ ಜಾಗ

200 ಲೀಟರ್ ನೀರು 22ರಿಂದ 50 ಡಿಗ್ರಿಗೆ ಕಾಯುವಾಗ ಎರಡು ಲೀಟರಿನಷ್ಟು ಹಿಗ್ಗುತ್ತದೆ. ಈ ಎರಡು ಲೀಟರ್ ಎಲ್ಲಿ ಹೋಗಬೇಕು ಎಂದು ಪ್ಲಂಬರ್ ಯೋಚಿಸದಿದ್ದರೆ ಟ್ಯಾಂಕಿಗೇ ಕುತ್ತು. ಓವರ್‌ಹೆಡ್ ಟ್ಯಾಂಕಿನಿಂದ ನೇರವಾಗಿ ಇಳಿಯುವ ನೀರಾದರೆ, ಬಿಸಿನೀರಿನ ಮೇಲ್ತುದಿಯಿಂದ ಒಂದು ಗಾಳಿ ಪೈಪನ್ನು ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು ಬಿಟ್ಟರೆ ಸಾಕು. ಪ್ರೆಷರ್ ಪಂಪ್ ಇರುವ ಮನೆಯಲ್ಲಿ ಗಾಳಿ ಪೈಪು ಕೆಲಸಕ್ಕೆ ಬಾರದು, ಅದರಿಂದ ನೀರು ಚಿಮ್ಮುತ್ತದೆ. ಅಲ್ಲಿ ತಣ್ಣೀರಿನ ದಾರಿಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಎನ್‌ಆರ್‌ವಿ, ಅದರ ಮತ್ತು ಟ್ಯಾಂಕಿನ ನಡುವೆ ಸೇಫ್ಟಿ ವಾಲ್ವು, ಜೊತೆಗೆ ಹಿಗ್ಗಿದ ನೀರಿಗೆ ಜಾಗ ಕೊಡುವ ಎಂಟು ಹತ್ತು ಲೀಟರಿನ ಎಕ್ಸ್‌ಪ್ಯಾನ್ಷನ್ ಟ್ಯಾಂಕು ಬೇಕು. ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಹಾಕದಿದ್ದರೆ ನೀರು ಕಾಯುವಾಗೆಲ್ಲ ಸೇಫ್ಟಿ ವಾಲ್ವು ತೊಟ್ಟಿಕ್ಕುತ್ತದೆ. ಅದು ತನ್ನ ಕೆಲಸ ಮಾಡುತ್ತಿದೆ. ಸೋರುತ್ತದೆಂದು ಅದರ ಬಾಯಿಗೆ ಡಮ್ಮಿ (ಮುಚ್ಚುವ ಬಿರಡೆ) ಬಿಗಿಯುವುದು ಪ್ರಾಣಕ್ಕೇ ಅಪಾಯ, ಯಾರು ಸಲಹೆ ಕೊಟ್ಟರೂ ಒಪ್ಪಬೇಡಿ. ಬಾಯಿಗೆ ಒಂದು ಪೈಪು ಸಿಕ್ಕಿಸಿ ಡ್ರೈನಿಗೆ ಬಿಡಿ.

ಇನ್ನೊಂದು, ಪೈಪಿನ ಉದ್ದ. ಮುಕ್ಕಾಲಿಂಚಿನ ಸಿಪಿವಿಸಿ ಪೈಪು ಮೀಟರಿಗೆ ಕಾಲು ಲೀಟರ್ ನೀರು ಹಿಡಿಯುತ್ತದೆ. ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ 20 ಮೀಟರ್ ಎಂದರೆ ನಲ್ಲಿ ತಿರುಗಿಸಿದಾಗ ಮೊದಲು ಬರುವ ಐದು ಲೀಟರ್ ತಣ್ಣೀರು. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಆರುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ ಕಾಲು ಟ್ಯಾಂಕು ವ್ಯರ್ಥ. ಯಂತ್ರವನ್ನು ಬಚ್ಚಲಿಗೆ ಹತ್ತಿರ ಇಡುವುದು ಸಿಒಪಿ ಅರ್ಧ ಅಂಕ ಹೆಚ್ಚಿರುವ ದುಬಾರಿ ಮಾಡೆಲ್ ತರುವುದಕ್ಕಿಂತ ಲಾಭ. ಬಿಸಿನೀರಿನ ಪೈಪಿಗೆ ಕಪ್ಪು ನೈಟ್ರೈಲ್ ಫೋಮ್ ತೊಡಿಸಿ, ಬಿಸಿಲಿಗೆ ಬೀಳುವ ಕಡೆ ಮೇಲೊಂದು ಟೇಪ್ ಸುತ್ತಿಸಿ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲೆಂದು ಸುತ್ತುಪಂಪ್ ಹಾಕಿಸಿ ಹಗಲಿರುಳು ಓಡಿಸುವ ಮನೆಗಳಿವೆ. ಆ ಪೈಪಿನ ಸುತ್ತೆಲ್ಲ ಇಡೀ ದಿನ ಬಿಸಿ ಸೋರುತ್ತದೆ, ಉಳಿತಾಯ ಅಲ್ಲೇ ಕರಗುತ್ತದೆ. ಬೇಕೇ ಬೇಕೆಂದರೆ ಬೆಳಗಿನ ಸ್ನಾನದ ಹೊತ್ತಿನಲ್ಲಿ ಎರಡು ಗಂಟೆ ಮಾತ್ರ ಓಡುವಂತೆ ಟೈಮರ್ ಇಡಿ.

ಬೋರ್‌ವೆಲ್ ನೀರು

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದಾಗ 600ರವರೆಗೆ ನಡೆಯುತ್ತದೆ. ಬೋರ್‌ವೆಲ್ ನಂಬಿದ ಬಡಾವಣೆಗಳಲ್ಲಿ ಇದನ್ನು ಮೀರುವ ನೀರು ಅಪರೂಪವಲ್ಲ. ಗಡಸು ನೀರು ಕಾದಷ್ಟೂ ಸುಣ್ಣ ಕಟ್ಟುತ್ತದೆ, 60 ಡಿಗ್ರಿ ದಾಟಿದರೆ ಬೇಗ ಬೇಗ. ನೀರನ್ನು 50ಕ್ಕೆ ನಿಲ್ಲಿಸಲು ಇದೂ ಒಂದು ಕಾರಣ. ಕೊಳ್ಳುವಾಗ ಗ್ಯಾಸಿನ ಕಾಯಿಲ್ ಎಲ್ಲಿದೆ ಎಂದು ಕೇಳಿ. ಟ್ಯಾಂಕಿನ ಹೊರಮೈಗೆ ಸುತ್ತಿದ್ದರೆ ಗಡಸು ನೀರಿಗೆ ಅದೇ ಮೇಲು, ಸುಣ್ಣ ಕಟ್ಟಿದರೂ ಕಾಯಿಲ್ ಕೆಡುವುದಿಲ್ಲ. ನೀರು ಕಿರಿದಾದ ಪ್ಲೇಟುಗಳ ನಡುವೆ ಹಾಯುವ ಬಗೆಯದಾದರೆ ಗಡಸುತನ ತೆಗೆಯುವ ಸಾಫ್ಟ್‌ನರ್ ಇಲ್ಲದೆ ಉಳಿಯದು.

ಎನಾಮಲ್ ಲೇಪದ ಟ್ಯಾಂಕಿನೊಳಗೆ ಮೆಗ್ನೀಸಿಯಂ ಆ್ಯನೋಡ್ ರಾಡ್ ಇರುತ್ತದೆ. ಉಕ್ಕನ್ನು ತುಕ್ಕು ತಿನ್ನುವ ಮೊದಲು ಅದನ್ನು ತಿನ್ನಲಿ ಎಂದು ಇಟ್ಟಿರುವ ಬಲಿ ಅದು. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ. ಉಪ್ಪಿನ ಸಾಫ್ಟ್‌ನರ್ ಹಾಕಿದ ಮನೆಯಲ್ಲಿ ರಾಡು ಇನ್ನೂ ಬೇಗ ಸವೆಯುತ್ತದೆ. ಲಕ್ಷ ರೂಪಾಯಿಯ ಟ್ಯಾಂಕ್ ತೂತಾಗುವುದು ಎಷ್ಟೋ ಸಲ ಈ ಒಂದು ರಾಡಿನ ಉದಾಸೀನದಿಂದ. 'ಸ್ಟೀಲ್ ಟ್ಯಾಂಕ್, ಚಿಂತೆಯಿಲ್ಲ' ಎಂಬ ಮಾತನ್ನೂ ಪೂರ್ತಿ ನಂಬಬೇಡಿ. 304 ದರ್ಜೆಯ ಸ್ಟೀಲಿಗೆ ಕ್ಲೋರೈಡ್ ಹೆಚ್ಚಿರುವ ನೀರು ಬೆಸುಗೆಯ ಬಳಿ ಸೂಜಿಮೊನೆಯಷ್ಟು ತೂತು ಹಾಕುತ್ತದೆ, 316ಎಲ್ ದರ್ಜೆ ಇದ್ದರೆ ಹೆಚ್ಚು ತಾಳುತ್ತದೆ. ನೀರನ್ನು ಮೊದಲೇ ಲ್ಯಾಬಿಗೆ ಕೊಟ್ಟು ಗಡಸುತನ, ಕ್ಲೋರೈಡ್ ಎರಡನ್ನೂ ತಿಳಿದುಕೊಂಡು ಅಂಗಡಿಗೆ ಹೋಗಿ. ಹಾಕಿಸಿದ ಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ಕೆಳಗಿನ ಡ್ರೈನ್ ತೆರೆದು ಹತ್ತಿಪ್ಪತ್ತು ಲೀಟರ್ ಬಿಟ್ಟರೆ ತಳದ ಗಸಿ ಹೋಗುತ್ತದೆ.

ದಿನದಿನದ ಬಳಕೆ

ಯಂತ್ರ ಎಳೆಯುವುದು ಮುಕ್ಕಾಲು ಕಿಲೋವ್ಯಾಟ್, ನೀರಿಗೆ ಕೊಡುವುದು ಎರಡೂವರೆ. ಖಾಲಿಯಾದ 200 ಲೀಟರಿನ ಟ್ಯಾಂಕ್ ಪೂರ್ತಿ ಕಾಯಲು ಎರಡೂವರೆಯಿಂದ ಮೂರು ಗಂಟೆ. ಇದನ್ನು ಬೆಳಗ್ಗೆ ಐದಕ್ಕೆ ಎದ್ದು ಮಾಡಿಸುವುದಕ್ಕಿಂತ ಮಧ್ಯಾಹ್ನ 12ರಿಂದ 3ರವರೆಗೆ ಟೈಮರ್ ಇಡಿ. ಜನವರಿಯ ಬೆಂಗಳೂರಿನಲ್ಲಿ ನಸುಕಿನ ಗಾಳಿ 16 ಡಿಗ್ರಿಯ ಹತ್ತಿರ, ನಡುಹಗಲಿನದು 28. ಆ 12 ಡಿಗ್ರಿ ಪುಕ್ಕಟೆ ಸಿಗುತ್ತದೆ. ಚೆನ್ನಾಗಿ ಹೊದಿಸಿದ ಟ್ಯಾಂಕು ಬೆಳಗಾಗುವುದರೊಳಗೆ ಆರುವುದು ನಾಲ್ಕು ಡಿಗ್ರಿ ಮಾತ್ರ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ತಾರಸಿಗೆ ಸೋಲಾರ್ ಪ್ಯಾನೆಲ್ ಹಾಕಿಸಿದವರಿಗೆ ಈ ಹೊತ್ತೇ ಸರಿ, ತಾವು ಬೆಳೆದ ಕರೆಂಟನ್ನೇ ಹಂಡೆಗೆ ತುಂಬಿದಂತೆ. ಬೆಳಗಿನ ಸ್ನಾನಗಳಲ್ಲಿ ನೀರು ಮುಗಿಯುವ ದೊಡ್ಡ ಸಂಸಾರವಾದರೆ ನಸುಕಿಗೊಂದು ಗಂಟೆ ಹೆಚ್ಚಿಗೆ ಸೇರಿಸಿಕೊಳ್ಳಬಹುದು.

ವಾರಕ್ಕೊಮ್ಮೆ ಮಾತ್ರ 60 ಡಿಗ್ರಿ ಮುಟ್ಟಿಸಬೇಕು. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ನ್ಯುಮೋನಿಯಾ ತಂದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ, 60ರಲ್ಲಿ ಸಾಯುತ್ತದೆ. ಶವರಿನ ಹನಿಮಂಜಿನೊಂದಿಗೆ ಶ್ವಾಸಕ್ಕೆ ಹೋದಾಗ ಅದು ಅಪಾಯ. ಬಹಳ ಯಂತ್ರಗಳಲ್ಲಿ ಇದಕ್ಕೆಂದೇ ಒಂದು ಮೋಡ್ ಇರುತ್ತದೆ. ಎರಡು ವಾರ ಊರಿಗೆ ಹೋಗಿ ಬಂದರೆ ಮೊದಲು ಅದನ್ನು ಓಡಿಸಿ, ಆಮೇಲೆ ಸ್ನಾನ. 60 ಡಿಗ್ರಿಯ ನೀರು ಮೈ ಸುಡಲು ಕೆಲವೇ ಸೆಕೆಂಡು ಸಾಕು. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಟ್ಯಾಂಕಿನ ಹೊರಬಾಯಿಗೆ, ತಣ್ಣೀರನ್ನು ತಾನೇ ಬೆರೆಸಿ ಬಿಸಿ ಹದಕ್ಕೆ ತರುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವು ಹಾಕಿಸಿ 45ಕ್ಕೆ ಕಟ್ಟಿಡಿ.

ಚಳಿ ದೇಶಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಇದೇ ಯಂತ್ರ ಕೋಣೆಗಳನ್ನೂ ಬೆಚ್ಚಗಿಡುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಎಂಬ ಸರ್ಕಾರಿ ಯೋಜನೆಯ ನೆರವು 2023ರ ಅಕ್ಟೋಬರಿನಲ್ಲಿ 7,500 ಪೌಂಡಿಗೆ ಏರಿತು. ಅಲ್ಲಿಯೂ ಸೂತ್ರ ಬದಲಾಗದು. ಗ್ಯಾಸ್ ಬಾಯ್ಲರ್ 65-70 ಡಿಗ್ರಿಯ ನೀರನ್ನು ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಕಳಿಸುತ್ತಿತ್ತು, ಹೀಟ್ ಪಂಪ್ 45ರಲ್ಲಿ ಕೆಲಸ ಮಾಡಬೇಕು. ಆ ಉಷ್ಣತೆಯಲ್ಲಿ ಹಳೆಯ ರೇಡಿಯೇಟರ್ ತನ್ನ ಮೇಲೆ ಬರೆದ ಶಕ್ತಿಯ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಕೊಟ್ಟೀತು, ಅದಕ್ಕೇ ದೊಡ್ಡವು ಬೇಕಾಗುತ್ತವೆ. ನೆಲದಡಿ ಪೈಪು ಇದ್ದರೆ 35 ಡಿಗ್ರಿಯೇ ಸಾಕು. ಕೆಲಸಕ್ಕೆ ಹೋಗುವಾಗ ಆರಿಸಿ ಬಂದ ಮೇಲೆ ಹಚ್ಚುವ ಅಭ್ಯಾಸ ಬಿಟ್ಟು ಇಡೀ ದಿನ ಸಣ್ಣಗೆ ಓಡಲು ಬಿಡಬೇಕು. ಹೊರಗಿನ ಚಳಿ ನೋಡಿ ನೀರಿನ ಬಿಸಿಯನ್ನು ತಾನೇ ಏರಿಳಿಸುವ 'ವೆದರ್ ಕಾಂಪೆನ್ಸೇಷನ್' ಮೋಡ್ ಬಂದ್ ಮಾಡಿಟ್ಟಿದ್ದರೆ ಇವತ್ತೇ ಹಾಕಿ. ಸೊನ್ನೆಯಿಂದ ಐದು ಡಿಗ್ರಿಯ ತೇವದ ದಿನಗಳಲ್ಲಿ ಹೊರಗಿನ ಕಾಯಿಲಿನ ಮೇಲೆ ಮಂಜು ಕಟ್ಟುತ್ತದೆ. ಯಂತ್ರ ಕೆಲವು ನಿಮಿಷ ಹಿಮ್ಮುಖವಾಗಿ ಓಡಿ ಅದನ್ನು ಕರಗಿಸುವಾಗ ಹಬೆ ಭುಗ್ಗೆಂದು ಏಳುತ್ತದೆ. ಹೊಗೆಯೆಂದು ಗಾಬರಿಪಟ್ಟು ಸ್ವಿಚ್ ಆರಿಸಬೇಡಿ.

ಕೆಟ್ಟಾಗ

ಎಲ್ಲಕ್ಕಿಂತ ಮೋಸದ ಕೆಡುಕು ಕಣ್ಣಿಗೆ ಕಾಣುವುದಿಲ್ಲ. ಬಹುತೇಕ ಯಂತ್ರಗಳೊಳಗೆ ಗೀಸರಿನಂಥದೇ ಒಂದು ಕಾಯಿಲ್, ಒಂದೂವರೆ ಎರಡು ಕಿಲೋವ್ಯಾಟಿನದು, ಆಪತ್ತಿಗೆಂದು ಇರುತ್ತದೆ. ಗ್ಯಾಸು ಸೋರಿ ಕಂಪ್ರೆಸರ್ ಕೈಕೊಟ್ಟರೂ ಆ ಕಾಯಿಲ್ ನೀರು ಕಾಯಿಸುತ್ತಲೇ ಇರುತ್ತದೆ. ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ, ಬಿಲ್ಲು ಮಾತ್ರ ಏರುತ್ತದೆ. ಆದ್ದರಿಂದ ಹಾಕಿಸುವಾಗಲೇ ಈ ಒಂದು ಲೈನಿಗೆ ಸಣ್ಣ ಸಬ್‌ಮೀಟರ್ ಕೂರಿಸಿ. ನಾಲ್ಕು ಜನರ ಶವರ್ ಮನೆಯಲ್ಲಿ ದಿನಕ್ಕೆ ಎರಡು ಯೂನಿಟ್ ಸಹಜ. ಐದು ಆರು ತೋರಿಸಿದರೆ ಕಾಯಿಲ್ ಓಡುತ್ತಿದೆ ಎಂದೇ ಅರ್ಥ. ಓಡುವಾಗ ಫ್ಯಾನಿನ ಗಾಳಿಗೆ ಕೈ ಹಿಡಿದು ನೋಡಿ: ತಣ್ಣಗಿದ್ದರೆ ಕಂಪ್ರೆಸರ್ ದುಡಿಯುತ್ತಿದೆ, ಸುತ್ತಲಿನ ಗಾಳಿಯಷ್ಟೇ ಇದ್ದರೆ ಇಲ್ಲ.

ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿದರೆ ಮೊದಲು ಧೂಳು ನೋಡಿ. ಎರಡು ತಿಂಗಳಿಗೊಮ್ಮೆ ಸ್ವಿಚ್ ಆರಿಸಿ ಫಿಲ್ಟರ್ ತೊಳೆದು, ರೆಕ್ಕೆಗಳನ್ನು ಮೆತ್ತನೆ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ಉಜ್ಜಿ. ಜೋರು ನೀರು ಹೊಡೆದರೆ ರೆಕ್ಕೆ ಮಡಚುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಯಂತ್ರ ಮೂರು ನಾಲ್ಕು ನಿಮಿಷ ಸುಮ್ಮನಿರುವುದು ಕಂಪ್ರೆಸರಿನ ರಕ್ಷಣೆಗೆ, ಆ ಹೊತ್ತಿನಲ್ಲಿ ಸ್ವಿಚ್ ಕುಟ್ಟಬೇಡಿ. ವೋಲ್ಟೇಜ್ ಏರಿಳಿಯುವ ಊರಿನಲ್ಲಿ ಸ್ಟೆಬಿಲೈಸರ್ ಕಡ್ಡಾಯ ಎಂದುಕೊಳ್ಳಿ. ಎಲ್ಲ ಕಡೆಯೂ ಪ್ರತ್ಯೇಕ 16 ಆಂಪಿಯರ್ ಲೈನು, ಕರೆಂಟ್ ಮಿತಿಮೀರಿದರೆ ತಾನೇ ಬೀಳುವ 'ಸಿ' ಬಗೆಯ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್ ಬೇಕು. ಹಲ್ಲಿ, ಇರುವೆ ಬೆಚ್ಚಗಿನ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡು) ಹುಡುಕಿಕೊಂಡು ಬರುತ್ತವೆ, ವೈರ್ ಹೋಗುವ ತೂತುಗಳನ್ನು ಸೀಲ್ ಮಾಡಿಸಿ.

ಗ್ಯಾಸು ಕಡಿಮೆಯಾಗಿದೆ ಎಂದು ಮೆಕ್ಯಾನಿಕ್ ಹೇಳಿದರೆ ಸುಮ್ಮನೆ ತುಂಬಿಸಿಕೊಳ್ಳಬೇಡಿ. ಇದು ಮುಚ್ಚಿದ ಸುತ್ತು, ಸೋರದೆ ಗ್ಯಾಸು ಇಳಿಯದು. ನೈಟ್ರೋಜನ್ ತುಂಬಿಸಿ ಸೋರುವ ಜಾಗ ಹುಡುಕಿ, ಬೆಸೆದು, ವ್ಯಾಕ್ಯೂಮ್ ಎಳೆದು, ಆಮೇಲೆ ಯಂತ್ರದ ಫಲಕದಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬಿಸಬೇಕು. ಫಲಕದಲ್ಲಿ ಆರ್ 290 ಎಂದಿದ್ದರೆ ಒಳಗಿರುವುದು ಪ್ರೊಪೇನ್, ಅಡುಗೆ ಗ್ಯಾಸಿನ ಒಡಹುಟ್ಟು. ಅದರ ತರಬೇತಿ ಇಲ್ಲದವರ ಕೈಗೆ ಬೆಸುಗೆಯ ಟಾರ್ಚ್ ಕೊಡಬೇಡಿ.